ಎರಡು ತುದಿಗಳ ನಡುವೆ: ಬ್ಯಾಟರಿ ಪ್ಯಾಕಿನ ಜೋಡಣೆ ಮತ್ತು ಚಾರ್ಜಿನ ಪಾಲು



ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಟ್ಟಿತು ಎಂದಾಗ ನಾವು ಮೊದಲು ದೂರುವುದು ಅದನ್ನು ತಯಾರಿಸಿದವರನ್ನು, ಆಮೇಲೆ ಚಾರ್ಜರನ್ನು. ಈ ಎರಡರ ಮಧ್ಯೆ ಇರುವ ತಾಮ್ರದ ಕೇಬಲ್ಲು, ನಿಕ್ಕಲ್ ಪಟ್ಟಿ, ಲಗ್ಗು, ನಟ್ಟು ಬೋಲ್ಟುಗಳ ಮೇಲೆ ಯಾರ ಅನುಮಾನವೂ ಹೋಗುವುದಿಲ್ಲ. ತಂತಿ ಎಂದರೆ ಬರೀ ದಾರಿ, ದಾರಿ ಏನು ತಪ್ಪು ಮಾಡೀತು ಎಂಬ ಭಾವನೆ. ಇವತ್ತು ನಾನು ಹೇಳಹೊರಟಿರುವುದು ಇದಕ್ಕೆ ತದ್ವಿರುದ್ಧವಾದ ಮಾತು. ಹತ್ತಾರು ಸೆಲ್‌ಗಳು ಸೇರಿದ ಪ್ಯಾಕಿನಲ್ಲಿ ಯಾವ ಸೆಲ್ಲಿಗೆ ಎಷ್ಟು ಚಾರ್ಜು ಎಂದು ತೀರ್ಮಾನಿಸುವ ಅಧಿಕಾರ ಚಾರ್ಜರ್‌ಗೆ ಇಲ್ಲ. ಅದು ಜೋಡಣೆಯ ಕೈಯಲ್ಲಿದೆ. ಯಾವ ಸೆಲ್ಲಿನ ಸ್ಥಿತಿ ನಮಗೆ ಕಾಣುತ್ತದೆ, ಯಾವುದರದು ಮರೆಯಾಗಿ ಉಳಿಯುತ್ತದೆ ಎಂಬುದೂ ಜೋಡಣೆಯ ಕೈಯಲ್ಲೇ ಇದೆ.

ಒಂದೇ ಸೆಲ್ ಇದ್ದರೆ ತೊಂದರೆಯೇ ಇಲ್ಲ. ಲ್ಯಾಪ್‌ಟಾಪಿನಲ್ಲೂ ಸ್ಕೂಟರಿನಲ್ಲೂ ಬಳಕೆಗೆ ಬಂದ, 18 ಮಿಲಿಮೀಟರ್ ದಪ್ಪ 65 ಮಿಲಿಮೀಟರ್ ಉದ್ದದ ಸಾಮಾನ್ಯ 18650 ಸೆಲ್ಲನ್ನು ತೆಗೆದುಕೊಳ್ಳಿ. ಚಾರ್ಜರ್ ಮೊದಲು ಒಂದು ಮಿತಿಯೊಳಗಿನ ಕರೆಂಟನ್ನು ಕೊಡುತ್ತ ಹೋಗುತ್ತದೆ. ವೋಲ್ಟೇಜು 4.2ಕ್ಕೆ ಮುಟ್ಟಿದ ಮೇಲೆ ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಆಗ ಕರೆಂಟು ತಾನಾಗಿ ಇಳಿಯುತ್ತ ಬರುತ್ತದೆ, ಸಾಕಷ್ಟು ಇಳಿದ ಮೇಲೆ ಚಾರ್ಜು ಮುಗಿಯಿತು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಸೆಲ್ಲಾದರೆ ಆ ಗಡಿ 3.65 ವೋಲ್ಟ್. ಅಂದರೆ ಸೆಲ್ಲಿಗೆ ಎರಡು ಕಾವಲು ಬೇಕು, ಕರೆಂಟಿಗೊಂದು, ವೋಲ್ಟೇಜಿಗೊಂದು. ಪ್ಯಾಕು ಕಟ್ಟಿದ ಕೂಡಲೇ ಈ ಎರಡರಲ್ಲಿ ಒಂದು ನಮ್ಮ ಕೈತಪ್ಪುತ್ತದೆ. ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಎಲ್ಲಕ್ಕೂ ಹರಿಯುವ ಕರೆಂಟು ಒಂದೇ, ವೋಲ್ಟೇಜು ಮಾತ್ರ ಅದರದರದು. ಸಮಾಂತರದಲ್ಲಿ ಜೋಡಿಸಿದರೆ ವೋಲ್ಟೇಜು ಒಂದೇ, ಕರೆಂಟು ಅದರದರದು. ಚಾರ್ಜರ್‌ಗೆ ಸಿಗುವುದು ಪ್ಲಸ್ಸು, ಮೈನಸ್ಸು ಎಂಬ ಎರಡು ತುದಿಗಳು ಮಾತ್ರ. ಒಳಗೆ ಹಂಚಿಕೆ ಹೇಗೆ ನಡೆದಿದೆ ಎಂಬುದು ಆ ಎರಡು ತುದಿಗಳಲ್ಲಿ ಬರೆದಿರುವುದಿಲ್ಲ.

ಸರಣಿಯಿಂದ ಶುರುಮಾಡೋಣ. ವ್ಯಾಪಾರದಲ್ಲಿ 48 ವೋಲ್ಟ್ ಎಂದು ಕರೆಸಿಕೊಳ್ಳುವ ಲಿಥಿಯಂ ಪ್ಯಾಕುಗಳಲ್ಲಿ ಒಂದು ಬಗೆಯದರಲ್ಲಿ 13 ಸೆಲ್‌ಗಳು ಸರಣಿಯಲ್ಲಿರುತ್ತವೆ. ತುಂಬಿದಾಗ 13 ಬಾರಿ 4.2, ಒಟ್ಟು 54.6 ವೋಲ್ಟ್. ಚಾರ್ಜರಿನ ಮೇಲೆ ಅಚ್ಚಾಗಿರುವ ಸಂಖ್ಯೆಯೂ ಅದೇ. ಈಗ 12 ಸೆಲ್‌ಗಳು 4.17ರಲ್ಲಿವೆ, ಒಂದು ಮಾತ್ರ ಉಳಿದವಕ್ಕಿಂತ ಮುಂದೆ ಓಡಿದೆ ಎಂದುಕೊಳ್ಳಿ. 12 ಸೆಲ್‌ಗಳದ್ದು ಸೇರಿ 50.04 ವೋಲ್ಟ್ ಆಯಿತು, 54.6 ತುಂಬಬೇಕಾದರೆ ಮಿಕ್ಕ ಒಂದು ಸೆಲ್ 4.56ಕ್ಕೆ ಏರಬೇಕು. ಚಾರ್ಜರಿನ ಹಸಿರು ದೀಪ ಆಗಲೂ ಉರಿಯುತ್ತದೆ. ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಒಳಗಿನ ಆ ಒಂದು ಸೆಲ್ಲಿನಲ್ಲಿ ಮಾತ್ರ ಋಣಾಗ್ರದ ಮೇಲೆ ಲಿಥಿಯಂ ಲೋಹ ಪದರಗಟ್ಟಲು ಶುರುವಾಗಿರುತ್ತದೆ, ದ್ರಾವಣ ಒಡೆಯುತ್ತಿರುತ್ತದೆ, ಶಾಖ ಏರುತ್ತಿರುತ್ತದೆ. ಸರಾಸರಿ ಎಂಬುದು ಎಷ್ಟು ಅಪಾಯದ ಸಂಖ್ಯೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಾರ್ಖಾನೆಯಲ್ಲಿ ಅಳೆದು, ಸಮನಾದ ಸೆಲ್‌ಗಳನ್ನೇ ಆರಿಸಿ ಕಟ್ಟಿದರೆ ಇದು ಹೇಗೆ ಆಗುತ್ತದೆ ಎಂದು ಕೇಳಬಹುದು. ಆರಿಸಿ ಕಟ್ಟುವುದು ಅಗತ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಟ್ಟಿನ ಸಮಾನತೆ ಬಾಳಿನುದ್ದಕ್ಕೂ ಉಳಿಯುವುದಿಲ್ಲ. ಪೆಟ್ಟಿಗೆಯ ನಡುವಿನಲ್ಲಿರುವ ಸೆಲ್ಲಿಗೆ ಬಿಸಿ ಹೆಚ್ಚು, ಅಂಚಿನಲ್ಲಿರುವುದಕ್ಕೆ ಕಡಿಮೆ. ಬಿಸಿ ಹೆಚ್ಚಿದ್ದಲ್ಲಿ ತಾನೇ ತಾನಾಗಿ ಸೋರಿಹೋಗುವ ಚಾರ್ಜೂ ಹೆಚ್ಚು, ಸವೆತವೂ ಹೆಚ್ಚು. ಸರಣಿಯಲ್ಲಿ ಎಲ್ಲಕ್ಕೂ ಒಂದೇ ಅಳತೆಯ ಚಾರ್ಜು ಹೋಗಿ ಬರುವುದರಿಂದ, ಹೀಗೆ ಸೋರಿದ್ದನ್ನು ತುಂಬಿಕೊಡುವ ದಾರಿ ಆ ಜೋಡಣೆಯಲ್ಲೇ ಇಲ್ಲ. ಒಂದೊಂದು ಸಲಕ್ಕೆ ಗಮನಕ್ಕೇ ಬಾರದಷ್ಟು ವ್ಯತ್ಯಾಸ ಸಲದಿಂದ ಸಲಕ್ಕೆ ಕೂಡುತ್ತ ಹೋಗುತ್ತದೆ. ಕೊನೆಗೆ ಹಿಂದುಳಿದ ಸೆಲ್ ಖಾಲಿಯಾದಾಗ ಇಡೀ ಪ್ಯಾಕು ನಿಲ್ಲುತ್ತದೆ, ಮುಂದೋಡಿದ ಸೆಲ್ ತುಂಬಿದಾಗ ಇಡೀ ಪ್ಯಾಕಿನ ಚಾರ್ಜನ್ನು ನಿಲ್ಲಿಸಬೇಕಾಗುತ್ತದೆ. ನಡುವೆ ಉಳಿದದ್ದಷ್ಟೇ ನಮ್ಮ ಪಾಲಿಗೆ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಸೀಸ-ಆಮ್ಲ ಬ್ಯಾಟರಿಯನ್ನು ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ 48 ವೋಲ್ಟ್‌ಗಾಗಿ 24 ಸೆಲ್‌ಗಳನ್ನು ಸರಣಿಯಲ್ಲಿಟ್ಟು ದಶಕಗಟ್ಟಲೆ ನಡೆಸಿದರು. ವಿದ್ಯುತ್ ಉಪಕೇಂದ್ರಗಳ 110 ವೋಲ್ಟಿನ ಬ್ಯಾಟರಿ ಕೋಣೆಯಲ್ಲಿ 55 ಸೆಲ್‌ಗಳ ಸಾಲು ಇವತ್ತಿಗೂ ನಿಂತಿದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸರಣಿಯಲ್ಲಿದ್ದವು, ಅಲ್ಲಿಯೂ 24 ಸೆಲ್‌ಗಳು. ಇವೆಲ್ಲ ನಡೆದಿರುವಾಗ ಜೋಡಣೆಯ ಮೇಲೆ ಇಷ್ಟು ದೊಡ್ಡ ಆರೋಪ ಹೊರಿಸುವುದು ಸರಿಯೇ? ಉತ್ತರ ಆ ಸೆಲ್‌ಗಳ ರಸಾಯನದಲ್ಲಿದೆ. ಸೀಸದ ಸೆಲ್ ತುಂಬಿದ ಮೇಲೂ ಕರೆಂಟು ಹರಿಸಿದರೆ ಅದು ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುತ್ತ ಕುದಿಯುತ್ತದೆ. ನೀರು ಖರ್ಚಾಗುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತದೆ, ಆದರೆ ಅಷ್ಟರಲ್ಲಿ ಹಿಂದುಳಿದ ಸೆಲ್‌ಗಳು ಬಂದು ಸೇರಿಕೊಳ್ಳುತ್ತವೆ. ಬ್ಯಾಟರಿ ಕೋಣೆಯವರು ಕಾಲಕಾಲಕ್ಕೆ ಬೇಕೆಂದೇ ಹೆಚ್ಚಿನ ವೋಲ್ಟೇಜಿನಲ್ಲಿ ಈಕ್ವಲೈಸಿಂಗ್ ಚಾರ್ಜು ಕೊಡುವುದು ಇದಕ್ಕೇ. ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲೂ ಒಳಗೇ ಹುಟ್ಟುವ ಆಕ್ಸಿಜನ್ನನ್ನು ಒಳಗೇ ಮತ್ತೆ ಹೀರಿಕೊಂಡು ಹೆಚ್ಚುವರಿಯನ್ನು ಶಾಖವಾಗಿ ಕಳೆಯಬಲ್ಲದು. ಹೀಗೆ ಸರಣಿಯ ಅನ್ಯಾಯವನ್ನು ಅಷ್ಟು ವರ್ಷ ರಸಾಯನವೇ ಸುಮ್ಮನೆ ತುಂಬಿಕೊಡುತ್ತಿತ್ತು. ಲಿಥಿಯಂ ಸೆಲ್ಲಿಗೆ ಆ ಸಹನೆ ಇಲ್ಲ. ತುಂಬಿದ ಮೇಲೆ ಬಂದ ಚಾರ್ಜನ್ನು ತನಗೆ ಹಾನಿಯಾಗದಂತೆ ಕಳೆಯುವ ಅಡ್ಡದಾರಿ ಅದರಲ್ಲಿಲ್ಲ. ಜೋಡಣೆಯ ದೋಷ ಹೊಸದೇನಲ್ಲ, ಅದನ್ನು ಮುಚ್ಚಿಡುತ್ತಿದ್ದ ಹೊದಿಕೆ ಹೋಗಿದೆ ಅಷ್ಟೆ.

ಸಮಾಂತರದ ಕಡೆಗೆ ಬಂದರೆ ಕಥೆ ಇನ್ನೂ ಕುತೂಹಲದ್ದು, ಏಕೆಂದರೆ ಇಲ್ಲಿ ಅಪರಾಧಿ ನೇರವಾಗಿ ತಂತಿಯೇ. 12 ವೋಲ್ಟಿನ, 150 ಆಂಪಿಯರ್-ಅವರ್‌ನ ನಾಲ್ಕು ಟ್ಯೂಬ್ಯುಲಾರ್ ಬ್ಯಾಟರಿಗಳನ್ನು ಸಾಲಾಗಿ ಇಟ್ಟು ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ತುಂಡು ಕೇಬಲ್‌ಗಳಿಂದ ಸೇರಿಸಿ, ಇನ್ವರ್ಟರಿನ ಎರಡೂ ಕೇಬಲ್‌ಗಳನ್ನು ಮೊದಲನೆಯ ಬ್ಯಾಟರಿಗೇ ಬಿಗಿದರು ಎನ್ನಿ. ಅಳತೆಯಲ್ಲಿ ಸಣ್ಣದು, ಕೈಗೆ ಸುಲಭ, ಕೇಬಲ್ಲೂ ಉಳಿತಾಯ. ಬ್ಯಾಟರಿಯ ಆಂತರಿಕ ರೋಧ 5 ಮಿಲಿಓಮ್, ಪ್ರತಿ ತುಂಡು ಕೇಬಲ್ಲು ಎರಡು ಕಡೆಯ ಲಗ್ಗಿನ ಸಮೇತ ಅರ್ಧ ಮಿಲಿಓಮ್ ಎಂದು ಇಟ್ಟುಕೊಂಡು, ನಾಲ್ಕೂ ಒಂದೇ ಮಟ್ಟಕ್ಕೆ ಖಾಲಿಯಾಗಿವೆ ಎಂದು ಭಾವಿಸಿ ಲೆಕ್ಕ ಮಾಡಿ. 60 ಆಂಪಿಯರ್ ಚಾರ್ಜು ಬಂದರೆ ತಲಾ 15 ಹೋಗಬೇಕು. ಹೋಗುವುದು ಮೊದಲನೆಯದಕ್ಕೆ 23.1, ಎರಡನೆಯದಕ್ಕೆ 15.8, ಮೂರನೆಯದಕ್ಕೆ 11.5, ಕೊನೆಯದಕ್ಕೆ 9.6. ಅರ್ಧ ಮಿಲಿಓಮ್ ಎಂಬ, ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಗೆ ಸಿಗದಷ್ಟು ಸಣ್ಣ ರೋಧ ಮಾಡುವ ಕೆಲಸ ಇದು. ಊಟದ ಪಂಕ್ತಿಯಲ್ಲಿ ಒಂದೇ ತುದಿಯಿಂದ ಬಡಿಸುತ್ತ ಬಂದಂತೆ, ಕೊನೆಯ ಎಲೆಯನ್ನು ಮುಟ್ಟುವಷ್ಟರಲ್ಲಿ ಪಾತ್ರೆ ತಳ ಕಂಡಿರುತ್ತದೆ. ಈಗ ಒಂದೇ ಒಂದು ಬದಲಾವಣೆ ಮಾಡಿ: ಇನ್ವರ್ಟರಿನ ಪ್ಲಸ್ ಕೇಬಲ್ಲು ಮೊದಲ ಬ್ಯಾಟರಿಯಲ್ಲೇ ಇರಲಿ, ಮೈನಸ್ ಕೇಬಲ್ಲನ್ನು ಬಿಚ್ಚಿ ಕೊನೆಯ ಬ್ಯಾಟರಿಗೆ ಹಾಕಿ. ಅದೇ ಬ್ಯಾಟರಿ, ಅದೇ ತುಂಡುಗಳು. ಹಂಚಿಕೆ 16.4, 13.6, 13.6, 16.4 ಆಗುತ್ತದೆ. ನಾಲ್ಕರಿಂದಲೂ ಒಂದೇ ಉದ್ದದ ಕೇಬಲ್ಲುಗಳನ್ನು ಬಸ್‌ಬಾರ್ ಎಂಬ ಒಂದು ದಪ್ಪ ಲೋಹಪಟ್ಟಿಗೆ ತಂದರೆ ಮಿಕ್ಕ ವ್ಯತ್ಯಾಸವೂ ಹೋಗುತ್ತದೆ.

ಒಳ್ಳೆಯ ಬ್ಯಾಟರಿ ಕೊಂಡರೆ ಇದೆಲ್ಲ ತಾಪತ್ರಯ ಇರುವುದಿಲ್ಲ ಎನ್ನುವವರಿಗೆ ಈ ಲೆಕ್ಕದಲ್ಲೇ ಒಂದು ಅಚ್ಚರಿ ಕಾದಿದೆ. ಒಳ್ಳೆಯ ಸೆಲ್ ಎಂದರೆ ಆಂತರಿಕ ರೋಧ ಕಡಿಮೆ ಇರುವ ಸೆಲ್. 5 ಮಿಲಿಓಮ್ ಬದಲು 1 ಮಿಲಿಓಮ್ ಇಟ್ಟು, ಕೇಬಲ್ಲುಗಳು ಹಳೆಯವೇ ಇರಲಿ ಎಂದು, ಒಂದೇ ತುದಿಯ ಜೋಡಣೆಗೆ ಮತ್ತೆ ಲೆಕ್ಕ ಹಾಕಿದರೆ ಕೊನೆಯಿಂದ ಮೊದಲಿಗೆ ಪಾಲುಗಳು 1, 2, 5, 13 ಎಂಬ ಅನುಪಾತಕ್ಕೆ ಬರುತ್ತವೆ. ಫಿಬೊನಾಚಿಯ ಹೆಸರಿನಲ್ಲಿ ಪ್ರಸಿದ್ಧವಾದ, ಅದಕ್ಕೂ ಮೊದಲೇ ನಮ್ಮ ಛಂದಸ್ಸಿನವರು ಮಾತ್ರೆಗಳ ಎಣಿಕೆಯಲ್ಲಿ ಕಂಡುಕೊಂಡಿದ್ದ ಸಂಖ್ಯೆಗಳು ಇವು, ಒಂದು ಬಿಟ್ಟು ಒಂದು. ಸೊಗಸು ಗಣಿತಕ್ಕೆ ಸೇರಿದ್ದು. ಬ್ಯಾಟರಿಗೆ ಉಳಿಯುವುದು 60 ಆಂಪಿಯರ್‌ನಲ್ಲಿ ಮೊದಲನೆಯದಕ್ಕೆ 37, ಕೊನೆಯದಕ್ಕೆ 3ಕ್ಕೂ ಕಡಿಮೆ ಎಂಬ ಸಂಗತಿ. ಸೆಲ್ ಉತ್ತಮವಾದಷ್ಟೂ ತಂತಿಯ ಮಾತು ಹೆಚ್ಚು ನಡೆಯುತ್ತದೆ.

ಸಮಾಂತರದಲ್ಲಿದ್ದ ಮೇಲೆ ತಾವೇ ಸಮವಾಗುತ್ತವಲ್ಲ ಎಂಬ ಮಾತನ್ನು ಬಲ್ಲವರೇ ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಮೊದಲ ಬ್ಯಾಟರಿ ಬೇಗ ತುಂಬುತ್ತ ಬಂದಂತೆ ಅದರ ವೋಲ್ಟೇಜು ಏರಿ ತಾನೇ ಕರೆಂಟನ್ನು ದೂರ ತಳ್ಳುತ್ತದೆ, ಆಗ ಹಿಂದಿನವಕ್ಕೆ ಸಿಗುತ್ತದೆ. ಚಾರ್ಜಿಗೆ ಸಾಕಷ್ಟು ಹೊತ್ತು ಕೊಟ್ಟರೆ ಕೊನೆಗೆ ಎಲ್ಲವೂ ತುಂಬುತ್ತವೆ. ಆದರೆ ಹೊತ್ತು ಕೊಡುವವರು ಯಾರು? ಮೋಡ ಕವಿದ ದಿನದ ಸೌರ ಚಾರ್ಜಿರಲಿ, ಲೋಡ್ ಶೆಡ್ಡಿಂಗಿನ ನಡುವೆ ಸಿಕ್ಕ ಎರಡು ತಾಸಿನ ಕರೆಂಟಿರಲಿ, ಕೊನೆಯ ಎಲೆಗೆ ಬಡಿಸುವ ಮೊದಲೇ ಪಂಕ್ತಿ ಎದ್ದುಬಿಡುತ್ತದೆ. ಪೂರ್ತಿ ತುಂಬದೆ ನಿಂತ ಸೀಸದ ಫಲಕದ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ತುಂಬಲು ಹೋದರೂ ತುಂಬುವುದಿಲ್ಲ. ಅತ್ತ ಮೊದಲ ಬ್ಯಾಟರಿ ತುಂಬುವಾಗಲೂ ಖಾಲಿಯಾಗುವಾಗಲೂ ಹೆಚ್ಚು ದುಡಿದು ಮೊದಲು ಸವೆಯುತ್ತದೆ. ಲಿಥಿಯಂ ಕಬ್ಬಿಣ ಫಾಸ್ಫೇಟಿನಲ್ಲಿ ಈ ಸ್ವಯಂ ತಿದ್ದುಪಡಿ ಇನ್ನೂ ದುರ್ಬಲ. ಅದರ ವೋಲ್ಟೇಜು ಐದನೇ ಒಂದು ಪಾಲು ತುಂಬಿದಲ್ಲಿಂದ ಐದನೇ ನಾಲ್ಕು ಪಾಲಿನವರೆಗೆ ಹೆಚ್ಚುಕಡಿಮೆ ಚಪ್ಪಟೆ, ಬದಲಾವಣೆ ಸುಮಾರು 0.1 ವೋಲ್ಟಿನಷ್ಟು. ತಳ್ಳಲು ಬೇಕಾದ ವೋಲ್ಟೇಜಿನ ಏರಿಕೆಯೇ ಇಲ್ಲದಿದ್ದರೆ ಕರೆಂಟು ಪಕ್ಕದ ಮನೆಗೆ ಯಾಕೆ ಹೋದೀತು?

ಸರಣಿ, ಸಮಾಂತರ ಎರಡನ್ನೂ ಬೆರೆಸುವಾಗ ಯಾವುದು ಮೊದಲು ಎಂಬ ಪ್ರಶ್ನೆ ಬರುತ್ತದೆ. 2008ರಲ್ಲಿ ಮಾರಾಟಕ್ಕೆ ಬಂದ ಟೆಸ್ಲಾ ರೋಡ್‌ಸ್ಟರ್ ಕಾರಿನ ಪ್ಯಾಕು ಇದಕ್ಕೆ ಓದಲು ಯೋಗ್ಯವಾದ ಮಾದರಿ. ಅದರಲ್ಲಿ 6,831 ಸೆಲ್‌ಗಳಿದ್ದವು. 69 ಸೆಲ್‌ಗಳನ್ನು ಸಮಾಂತರದಲ್ಲಿ ಕಟ್ಟಿ ಒಂದು ಇಟ್ಟಿಗೆ ಮಾಡಿದರು, ಅಂಥ 9 ಇಟ್ಟಿಗೆಗಳನ್ನು ಸರಣಿಯಲ್ಲಿಟ್ಟು ಒಂದು ಹಲಗೆ, 11 ಹಲಗೆಗಳನ್ನು ಸರಣಿಯಲ್ಲಿಟ್ಟು ಪ್ಯಾಕು. ಒಟ್ಟು ವೋಲ್ಟೇಜು 99 ಸೆಲ್‌ಗಳಷ್ಟು. ಇದನ್ನೇ ತಿರುವುಮುರುವು ಮಾಡಿ 99 ಸೆಲ್‌ಗಳ ಸರಣಿಗಳನ್ನು ಮೊದಲು ಕಟ್ಟಿ, ಅಂಥ 69 ಸರಣಿಗಳನ್ನು ಸಮಾಂತರದಲ್ಲಿ ಸೇರಿಸಿದ್ದರೂ ವೋಲ್ಟೇಜು ಅದೇ, ಶಕ್ತಿಯೂ ಅದೇ. ಚಾರ್ಜರ್‌ಗೆ ಎರಡರ ನಡುವೆ ವ್ಯತ್ಯಾಸವೇ ತಿಳಿಯದು. ಆದರೆ ಮೊದಲನೆಯ ಕ್ರಮದಲ್ಲಿ ವೋಲ್ಟೇಜು ಅಳೆಯಬೇಕಾದ ಜಾಗಗಳು 99, ಎರಡನೆಯದರಲ್ಲಿ 6,831. ಒಂದು ಇಟ್ಟಿಗೆಯೊಳಗಿನ 69 ಸೆಲ್‌ಗಳು ಒಂದನ್ನೊಂದು ಅಂಟಿಕೊಂಡಿರುವುದರಿಂದ ಒಂದರ ವೋಲ್ಟೇಜು ಗೊತ್ತಾದರೆ ಎಲ್ಲದರದೂ ಗೊತ್ತಾದಂತೆ. ಇದಕ್ಕೆ ಬೆಲೆಯೂ ಇದೆ. ಒಂದು ಸೆಲ್ ಒಳಗೇ ಶಾರ್ಟ್ ಆದರೆ ಪಕ್ಕದ 68 ಸೆಲ್‌ಗಳು ತಮ್ಮಲ್ಲಿದ್ದುದನ್ನೆಲ್ಲ ಅದರೊಳಗೆ ಸುರಿಯುತ್ತವೆ. ಅದಕ್ಕೆಂದೇ ಅಲ್ಲಿ ಪ್ರತಿ ಸೆಲ್ಲಿಗೂ ಫ್ಯೂಸ್ ಇಟ್ಟರು. ಫ್ಯೂಸ್ ಹೋಗಿ ಒಂದು ಸೆಲ್ ಕಳಚಿಕೊಂಡರೆ ಆ ಇಟ್ಟಿಗೆಯ ಧಾರಣಶಕ್ತಿ ನೂರಕ್ಕೆ ಒಂದೂವರೆಯಷ್ಟು ಇಳಿಯುತ್ತದೆ, ಸರಣಿಯ ನಿಯಮದಂತೆ ಇಡೀ ಪ್ಯಾಕೂ ಅಷ್ಟೇ ಇಳಿದಂತೆ.

ಇಷ್ಟಕ್ಕೆಲ್ಲ ಬ್ಯಾಟರಿ ನಿರ್ವಹಣಾ ವ್ಯವಸ್ಥೆ, ಅಂದರೆ ಬಿಎಂಎಸ್ ಇದೆಯಲ್ಲ, ಪ್ರತಿ ಸೆಲ್ಲನ್ನೂ ಅದು ನೋಡಿಕೊಳ್ಳುತ್ತದಲ್ಲ ಎಂಬುದು ಇವತ್ತಿನ ದಿನದ ಅತಿ ದೊಡ್ಡ ಸಮಾಧಾನ. 2022ರಲ್ಲಿ ದೇಶದಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿಕೊಂಡ ಪ್ರಕರಣಗಳ ನಂತರ ಎಐಎಸ್-156 ಮಾನದಂಡಕ್ಕೆ ತಿದ್ದುಪಡಿ ತಂದು ಬಿಎಂಎಸ್ ಮೇಲಿನ ಷರತ್ತುಗಳನ್ನು ಬಿಗಿ ಮಾಡಿದ್ದು ಸರಿಯಾದ ಹೆಜ್ಜೆಯೇ. ಅದು ಬೇಡ ಎಂದು ನಾನು ಹೇಳುತ್ತಿಲ್ಲ. ಅದರ ಶಕ್ತಿ ಎಷ್ಟು ಎಂಬುದನ್ನು ಮಾತ್ರ ನೋಡೋಣ. ಸಾಮಾನ್ಯ ಬಿಎಂಎಸ್ ಮುಂದೋಡಿದ ಸೆಲ್ಲಿಗೆ ಒಂದು ಸಣ್ಣ ರೋಧಕವನ್ನು ಅಡ್ಡ ಹಾಕಿ, ಹೆಚ್ಚಿನದನ್ನು ಬಿಸಿಯಾಗಿ ಕಳೆಯುತ್ತದೆ. ಹೀಗೆ ಕಳೆಯುವ ಕರೆಂಟು 0.1 ಆಂಪಿಯರ್ ಆಸುಪಾಸಿನದು. 100 ಆಂಪಿಯರ್-ಅವರ್ ಸೆಲ್ಲಿನಲ್ಲಿ ನೂರಕ್ಕೆ 5ರ ವ್ಯತ್ಯಾಸ ಬಂದಿದ್ದರೆ ಕಳೆಯಬೇಕಾದದ್ದು 5 ಆಂಪಿಯರ್-ಅವರ್, ಬೇಕಾದದ್ದು 50 ಗಂಟೆ. ಅದೂ ಬಹುಪಾಲು ಚಾರ್ಜಿನ ಕೊನೆಯ ಘಟ್ಟದಲ್ಲಿ ಮಾತ್ರ ನಡೆಯುವ ಕೆಲಸ. ನಿಧಾನವಾಗಿ ಬೆಳೆಯುವ ವ್ಯತ್ಯಾಸಕ್ಕೆ ಇದು ಸಾಕು, ತಂತಿಯೇ ಹುಟ್ಟಿಸುವ ವ್ಯತ್ಯಾಸಕ್ಕೆ ಸಾಲದು.

ಅದಕ್ಕಿಂತ ಮುಖ್ಯವಾದದ್ದು, ಬಿಎಂಎಸ್ ಕೂಡ ನೋಡುವುದು ತಂತಿಯ ಮೂಲಕವೇ. 16 ಫಾಸ್ಫೇಟ್ ಸೆಲ್‌ಗಳ ಪ್ಯಾಕಿನಲ್ಲಿ ಏಳನೆಯ ಸೆಲ್ಲಿನ ಒಂದು ನಟ್ಟು ಸರಿಯಾಗಿ ಬಿಗಿಯಾಗಿಲ್ಲ, ಅಲ್ಲಿ 1 ಮಿಲಿಓಮ್ ರೋಧ ಸೇರಿಕೊಂಡಿದೆ ಎನ್ನಿ. ಅಳತೆಯ ತಂತಿಯನ್ನು ಸೆಲ್ಲಿನ ಕಂಬಕ್ಕೆ ನೇರವಾಗಿ ಹಾಕದೆ ಅದರ ಮೇಲಿನ ಬಸ್‌ಬಾರಿಗೆ ಹಾಕಿದ್ದಾರೆ. 50 ಆಂಪಿಯರ್‌ನಲ್ಲಿ ಚಾರ್ಜಾಗುವಾಗ ಆ ಸಡಿಲ ಕೀಲಿನಲ್ಲಿ 50 ಮಿಲಿವೋಲ್ಟ್ ಬೀಳುತ್ತದೆ, ಎರಡೂವರೆ ವ್ಯಾಟ್ ಶಾಖ ಒಂದು ನಟ್ಟಿನ ಅಡಿಯಲ್ಲಿ ಹುಟ್ಟುತ್ತದೆ. 3.60ರಲ್ಲಿರುವ ಸೆಲ್ ಬಿಎಂಎಸ್‌ಗೆ 3.65 ಎಂದು ಕಾಣುತ್ತದೆ. ತುಂಬಿತು ಎಂದು ಅದು ಚಾರ್ಜು ಕಡಿಯುತ್ತದೆ. ಕರೆಂಟು ನಿಂತ ಕ್ಷಣ ಸುಳ್ಳಿನ 50 ಮಿಲಿವೋಲ್ಟ್ ಮಾಯ, ಮತ್ತೆ ಚಾರ್ಜು ಶುರು, ಮತ್ತೆ ಕಡಿತ. ಇದರ ನಡುವೆ ಸಮತೋಲನದ ರೋಧಕ ಏಳನೆಯ ಸೆಲ್ಲನ್ನೇ ಮುಂದೋಡಿದ ಸೆಲ್ ಎಂದು ತಿಳಿದು, ಅದರಲ್ಲಿದ್ದ ಸರಿಯಾದ ಚಾರ್ಜನ್ನೂ ಸೋರಿಸುತ್ತಿರುತ್ತದೆ. ಪ್ಯಾಕನ್ನು ಬಳಸುವಾಗ ಅದೇ ಸೆಲ್ ಉಳಿದವಕ್ಕಿಂತ ಕೆಳಗಿದೆ ಎಂದು ಕಾಣುತ್ತದೆ. ರಿಪೇರಿಗೆ ಹೋದರೆ ಏಳನೆಯ ಸೆಲ್ ಹೋಗಿದೆ ಎಂದು ಬದಲಾಯಿಸುತ್ತಾರೆ. ಬದಲಾಯಿಸುವಾಗ ನಟ್ಟನ್ನು ಹೊಸದಾಗಿ ಬಿಗಿಯುವುದರಿಂದ ತೊಂದರೆಯೂ ಹೋಗುತ್ತದೆ, ಸೆಲ್ ಕೆಟ್ಟಿತ್ತು ಎಂಬ ನಂಬಿಕೆಯೂ ಗಟ್ಟಿಯಾಗುತ್ತದೆ. ನಿಜ ತಿಳಿಯಬೇಕಾದರೆ ಕರೆಂಟು ಹರಿಯುತ್ತಿರುವಾಗಲೇ ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಒಂದು ಮುಳ್ಳನ್ನು ಸೆಲ್ಲಿನ ಕಂಬದ ಮೇಲೆ, ಇನ್ನೊಂದನ್ನು ಬಸ್‌ಬಾರಿನ ಮೇಲೆ ಒತ್ತಬೇಕು. ಸೊನ್ನೆಯ ಆಸುಪಾಸು ಬರಬೇಕಾದಲ್ಲಿ 50 ಬಂದರೆ ಸೆಲ್ಲಿನ ತಪ್ಪೇನೂ ಇಲ್ಲ.

ಸಣ್ಣ ಸೆಲ್‌ಗಳ ಪ್ಯಾಕಿನಲ್ಲಿ ಈ ಪಾತ್ರ ನಿಕ್ಕಲ್ ಪಟ್ಟಿಯದು. ನಿಕ್ಕಲ್ಲಿನ ರೋಧ ತಾಮ್ರದ ನಾಲ್ಕು ಪಟ್ಟು. 8 ಮಿಲಿಮೀಟರ್ ಅಗಲ, 0.15 ಮಿಲಿಮೀಟರ್ ದಪ್ಪದ ಪಟ್ಟಿ ಒಂದು ಸೆಲ್ಲಿನಿಂದ ಪಕ್ಕದ ಸೆಲ್ಲಿಗೆ ಹೋಗುವ 2 ಸೆಂಟಿಮೀಟರ್ ದೂರಕ್ಕೇ 1.2 ಮಿಲಿಓಮ್ ತೆಗೆದುಕೊಳ್ಳುತ್ತದೆ. ಪೇಟೆಯಲ್ಲಿ ನಿಕ್ಕಲ್ ಎಂದು ಸಿಗುವುದರಲ್ಲಿ ನಿಕ್ಕಲ್ ಲೇಪಿಸಿದ ಉಕ್ಕೂ ಇದೆ, ಅದರ ರೋಧ ಇನ್ನೂ ಹೆಚ್ಚು. ಮರಳು ಕಾಗದದಿಂದ ಉಜ್ಜಿ ಉಪ್ಪುನೀರಿನಲ್ಲಿ ಇಟ್ಟರೆ ಉಕ್ಕು ತುಕ್ಕು ಹಿಡಿದು ಬಣ್ಣ ಬಯಲಾಗುತ್ತದೆ.

ಚಾರ್ಜರ್‌ನಿಂದ ಪ್ಯಾಕಿನವರೆಗಿನ ಹೊರಗಿನ ಕೇಬಲ್ಲನ್ನು ಈ ಆರೋಪಪಟ್ಟಿಯಿಂದ ಬಹುಮಟ್ಟಿಗೆ ಬಿಡಬೇಕು, ನ್ಯಾಯಕ್ಕಾಗಿ. ಅದು ತೆಳ್ಳಗಿದ್ದರೆ ಚಾರ್ಜರ್ ತನ್ನ ತುದಿಯಲ್ಲಿ 14.4 ವೋಲ್ಟ್ ನೋಡುವಾಗ ಬ್ಯಾಟರಿಯಲ್ಲಿ 13.8 ಮಾತ್ರ ಇದ್ದೀತು, ಗಡಿ ಮುಟ್ಟಿತೆಂದು ಚಾರ್ಜರ್ ಬೇಗನೆ ಕೈ ಬಿಗಿಹಿಡಿದೀತು. ಆದರೆ ಕರೆಂಟು ಇಳಿದಂತೆ ಕೇಬಲ್ಲಿನ ನಷ್ಟವೂ ಇಳಿದು ಎರಡೂ ತುದಿ ಒಂದಾಗುತ್ತವೆ. ಹೊರಗಿನ ತಂತಿ ತಿನ್ನುವುದು ನಮ್ಮ ಹೊತ್ತನ್ನು, ಒಳಗಿನ ತಂತಿ ತಿನ್ನುವುದು ಯಾವುದೋ ಒಂದು ಸೆಲ್ಲಿನ ಆಯುಸ್ಸನ್ನು. ವಿಪರ್ಯಾಸವೆಂದರೆ ಜನ ದಪ್ಪ ಮಾಡಿಸುವುದು ಕಣ್ಣಿಗೆ ಕಾಣುವ ಹೊರಗಿನ ಕೇಬಲ್ಲನ್ನೇ.

ಕೊನೆಯ ಆಕ್ಷೇಪ ಖರ್ಚಿನದು. ನಾಲ್ಕು ಸೀಸದ ಬ್ಯಾಟರಿಗಳನ್ನು ಸರಣಿಯಲ್ಲಿ ಹೊತ್ತ ಇ-ರಿಕ್ಷಾದವರಿಗೂ ಎರಡು ಬ್ಯಾಟರಿಯ ಇನ್ವರ್ಟರ್ ಇಟ್ಟ ಅಂಗಡಿಯವರಿಗೂ ಬಿಎಂಎಸ್ಸು, ಬಸ್‌ಬಾರು ಎಂದೆಲ್ಲ ಹೇಳುವುದು ಯಾವ ನ್ಯಾಯ? ಅವರಿಗೆ ಬೇಕಾದದ್ದು ಅಷ್ಟಿಲ್ಲ. ನಾಲ್ಕರಲ್ಲಿ ಒಂದು ಕೆಟ್ಟಾಗ ಅದೊಂದನ್ನೇ ಹೊಸದು ತಂದು ಹಳೆಯ ಮೂರರ ನಡುವೆ ಕೂರಿಸುವುದು ವಾಡಿಕೆ, ಹಣದ ದೃಷ್ಟಿಯಿಂದ ಅದು ಅರ್ಥವಾಗುವಂಥದ್ದೇ. ಹಳೆಯ ಮೂರು ಬೇಗ ತುಂಬಿ ಕುದಿಯಲು ಶುರುಮಾಡಿ ವೋಲ್ಟೇಜನ್ನು ಏರಿಸುತ್ತವೆ, ಒಟ್ಟು ವೋಲ್ಟೇಜು ನೋಡಿದ ಚಾರ್ಜರ್ ಕರೆಂಟು ಇಳಿಸುತ್ತದೆ, ಧಾರಣಶಕ್ತಿ ಹೆಚ್ಚಿರುವ ಹೊಸದು ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಹೀಗೆ ಕೂರಿಸಲೇಬೇಕಾದರೆ ಹೊಸದನ್ನು ಮೊದಲು ಬೇರೆಯಾಗಿ, 12 ವೋಲ್ಟಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ ಸೇರಿಸಬಹುದು, ಮುಂದೆಯೂ ಆಗಾಗ ಅದೊಂದನ್ನೇ ಬೇರ್ಪಡಿಸಿ ತುಂಬಿಸಬಹುದು. ಸರಣಿಯ ಜೋಡಣೆಗೆ ಇರುವ ಅತಿ ಅಗ್ಗದ ಕಣ್ಣು ಎಂದರೆ ಎರಡು ಬ್ಯಾಟರಿಗಳ ನಡುವಿನ ಕೊಂಡಿಯಿಂದ ಎಳೆದ ಒಂದು ತೆಳು ತಂತಿ. ಚಾರ್ಜಿನ ಕೊನೆಯ ಗಂಟೆಯಲ್ಲಿ ಆ ತಂತಿಯಿಂದ ಎರಡೂ ಕಡೆಗೆ ಅಳೆದು ಬರೆದಿಡಬೇಕು. 24 ವೋಲ್ಟಿನ ಜೋಡಿಯಲ್ಲಿ ಒಟ್ಟು 28.8 ಬಂದಿದ್ದು, ಒಂದರಲ್ಲಿ 15, ಇನ್ನೊಂದರಲ್ಲಿ 13.8 ಕಂಡರೆ, ತಿಂಗಳಿಂದ ತಿಂಗಳಿಗೆ ಆ ಅಂತರ ಬೆಳೆಯುತ್ತಿದ್ದರೆ, ಚಾರ್ಜರನ್ನು ಬದಲಾಯಿಸಲು ಹೋಗಬೇಕಾಗಿಲ್ಲ. ಮೊದಲು ಲಗ್ಗುಗಳನ್ನು ಬಿಚ್ಚಿ, ಬಿಳಿ ಪುಡಿ ಕೆರೆದು ಸ್ವಚ್ಛ ಮಾಡಿ, ಬಿಗಿದು, ಮತ್ತೆ ಅಳೆಯಬೇಕು; ಅಂತರ ಆಗಲೂ ಹಾಗೇ ಉಳಿದರೆ 13.8ರದ್ದನ್ನು ಬಿಚ್ಚಿ ಬೇರೆಯಾಗಿ ಪೂರ್ತಿ ಚಾರ್ಜು ಮಾಡಿ ನೋಡಬೇಕು.